ತಪ್ಪೆಲ್ಲ ಹುಣಸೆ ಗಿಡದ್ದು

ಜ್ಞಾನದೇವ ಗೌಂಡಿ ಹುಣಸೆ ಗಿಡದಿಂದ ಬಿದ್ದು ಎರಡೂ ಹಿಮ್ಮಡಿ ಮುರಿದುಕೊಂಡ ಸುದ್ದಿ ಬೆಳಗಿನ ಚಹಾ ಆಗುವುದರೊಳಗೆ ಅಂಕಲಿಯ ತುಂಬ ಹಬ್ಬಿತು. ನಲವತ್ತು ವರ್ಷ ಮಂದಿಯ ಮನೆ ಕಟ್ಟಿದ ಮನುಷ್ಯ, ಅರವತ್ತರ ಹೊಸ್ತಿಲಲ್ಲಿ ಹುಣಸೆಹಣ್ಣಿಗೆ ಆಸೆಪಟ್ಟು ಗಿಡ ಹತ್ತಿದನಲ್ಲ ಎಂದು ಜನ ನಕ್ಕರು. ನಗಲಿ ಎಂದೇ ಅವನು ಹಾಗೆ ಹೇಳಿದ್ದ. ನಿಜಕ್ಕೂ ಅವನು ಬಿದ್ದದ್ದು ತವನಪ್ಪನ ಮನೆಯ ಮೇಲಂತಸ್ತಿಗೆ ತಾನೇ ಬೊಂಬು ಬಿಗಿದು ಹಲಗೆ ಹಾಸಿದ ಅಟ್ಟಣಿಗೆಯಿಂದ. ಕಂಡವಳು ಒಬ್ಬಳೇ, ಅವನ ಹೆಂಡತಿ ತುಳಸವ್ವ.

ಹೊಸ ಗೋಡೆಗೆ ಬಿಸಿಲೇರುವ ಮೊದಲೇ ನೀರು ಹೊಡೆಯಬೇಕು. ಅವತ್ತು ಗಂಡ ಹೆಂಡತಿ ಇಬ್ಬರೇ ಹೋಗಿದ್ದರು. ತುಳಸವ್ವ ಕೆಳಗೆ ಪೈಪಿನ ಹತ್ತಿರ ನಿಂತಿದ್ದಳು. ಗೌಂಡಿ ಎರಡನೇ ಅಟ್ಟಣಿಗೆ ಹತ್ತಿ ಮೂಲೆಯ ಹಲಗೆಯ ತುದಿಗೆ ಕಾಲಿಟ್ಟ. ಹಲಗೆ ತಕ್ಕಡಿಯಂತೆ ಒಂದು ಬದಿ ಎದ್ದಿತು. ಅವನು ನಿಂತ ನಿಲುವಿನಲ್ಲೇ ಹನ್ನೆರಡು ಫೂಟು ಕೆಳಗಿಳಿದು ಇಟ್ಟಂಗಿ ಚೂರುಗಳ ಮೇಲೆ ಹಿಮ್ಮಡಿಯೂರಿದ. ತುಳಸವ್ವ ಬಾಯಿ ತೆರೆಯುವುದರೊಳಗೆ “ಒದರಬ್ಯಾಡ” ಎಂದ. ಆಮೇಲೆ ಮೊಣಕೈ ಊರಿ ತೆವಳತೊಡಗಿದ.

“ಎಲ್ಲಿ ಹೊಂಟ್ರಿ? ಏನ್ ಮಾಡಾಕತ್ತೀರಿ?”

“ಹುಣಸಿ ಗಿಡದ ಬುಡಕ್ಕ. ನೀ ಮೊದಲ ಆ ಹಲಗಿ ಮ್ಯಾಲ ಇಟ್ಟು ಬಾ.”

ತುಳಸವ್ವ ಇಪ್ಪತ್ತು ವರ್ಷ ಕಲಸಿದ ಸಿಮೆಂಟಿನ ಮಾಲು ತಲೆಯ ಮೇಲೆ ಹೊತ್ತವಳು. ಸೀರೆಯ ನೆರಿಗೆ ಸಿಗಿಸಿ ಹತ್ತಿದಳು. ಹಲಗೆಯನ್ನು ಇದ್ದ ಹಾಗೆ ಇಟ್ಟು ಇಳಿದಳು. ಅಷ್ಟರಲ್ಲಿ ಗೌಂಡಿ ಹಿತ್ತಲ ಮೂಲೆಯ ಗಿಡದ ಬುಡ ಸೇರಿದ್ದ. ಮೈಯೆಲ್ಲ ಬೆವರು, ಮುಖ ಸುಣ್ಣ.

“ಈಗ ಒದರು,” ಎಂದ.

ಮಂದಿ ಕೂಡಿದರು. ಯಾರೋ 108ಕ್ಕೆ ಫೋನು ಹಚ್ಚಲು ಹೋದರೆ ಬೇಡವೆಂದ. ಅದು ಪೇಂ ಪೇಂ ಎನ್ನುತ್ತ ಬಂದರೆ ರಾಯಬಾಗದ ತನಕ ಸುದ್ದಿಯಾಗುತ್ತದೆ ಎಂಬುದು ಅವನ ಅಂಜಿಕೆ. ಇಬ್ಬರು ರಟ್ಟೆ ಹಿಡಿದೆತ್ತಿ, ಮೋಟರ್‌ಸೈಕಲ್ಲಿನ ಮೇಲೆ ನಡುವೆ ಕೂರಿಸಿಕೊಂಡು ಚಿಕ್ಕೋಡಿಗೆ ಒಯ್ದರು. ಅಲ್ಲಿ ಡಾಕ್ಟರು ಎಕ್ಸ್‌ರೇ ನೋಡಿ, ಔಷಧಕ್ಕಿಂತ ಮೊದಲು ಬೈಗುಳ ಕೊಟ್ಟರು.

“ಎತ್ತರದಿಂದ ಬಿದ್ದವರನ್ನ ಜ್ವಾಳದ ಚೀಲ ಎತ್ತಿದಂಗ ಎತ್ತತೀರೇನ್ರಿ? ಬೆನ್ನಹುರಿಗೆ ಪೆಟ್ಟಾಗಿದ್ರ ಇವರು ಹಾಸಿಗಿ ಬಿಟ್ಟು ಏಳತಿರಲಿಲ್ಲ. ಬಿದ್ದವರನ್ನ ಅಲ್ಲಾಡಿಸಬ್ಯಾಡ್ರಿ. ಹಲಗಿ ಮ್ಯಾಲ ಸಮಾ ಮಲಗಿಸ್ರಿ, ಗಾಡಿ ಕರೀರಿ. ಬಿದ್ದ ಮ್ಯಾಲ ತೆವಳ್ಯಾರ ಅಂತ ಬ್ಯಾರೆ ಕಾಣತೈತಿ. ಯಾಕ?”

ಹಿಂದೆಯೇ ಬಸ್ಸಿನಲ್ಲಿ ಬಂದಿದ್ದ ಸೊಸೆ ನೀಲಮ ಡಾಕ್ಟರ ಒಂದೊಂದು ಮಾತನ್ನೂ ಕಿವಿಯಲ್ಲಿಟ್ಟುಕೊಂಡಳು. ದವಾಖಾನೆಯ ಕಾಗದದಲ್ಲಿ “ಗಿಡದಿಂದ ಬಿದ್ದು” ಎಂದು ಬರೆಸಿದ್ದಾಯಿತು. ಎರಡೂ ಕಾಲಿಗೆ ಮೊಣಕಾಲ ತನಕ ಪ್ಲಾಸ್ಟರು ಬಿತ್ತು. ಎರಡು ತಿಂಗಳು ಕಾಲು ನೆಲ ಮುಟ್ಟುವಂತಿಲ್ಲ ಎಂದರು.

ಇಷ್ಟೆಲ್ಲ ನಾಟಕ ಯಾಕೆ ಬೇಕಿತ್ತು ಎಂದರೆ, “ಬಿದ್ದವ ಗೌಂಡಿ ಅಲ್ಲ” ಎಂಬುದು ಜ್ಞಾನದೇವನದೇ ಮಾತು. ಅಂಕಲಿಯಿಂದ ಅಥಣಿಯ ತನಕ ಅವನ ಗ್ಯಾಂಗು ಬೇಗ ಕೆಲಸ ಮುಗಿಸುವುದಕ್ಕೆ ಹೆಸರಾಗಿತ್ತು. ಬೇಗದ ಗುಟ್ಟು ದೊಡ್ಡದೇನಲ್ಲ, ಅವನು ಹಲಗೆಗಳನ್ನು ಕಟ್ಟುತ್ತಲೇ ಇರಲಿಲ್ಲ. ಬೊಂಬಿನ ಮೇಲೆ ಹಾಸಿಬಿಡುವುದು, ಗೋಡೆ ಏರಿದಂತೆ ಎತ್ತಿ ಮೇಲೆ ಹಾಕುವುದು. ಆಚೆ ಚಾಚಿಕೊಂಡ ಮೂಲೆಯ ಹಲಗೆಗೆ ಮಾತ್ರ ಒಂದು ಹಗ್ಗ. ಐದು ವರ್ಷದ ಹಿಂದೆ ಜುಗೂಳದಲ್ಲಿ ಒಂದು ಮನೆ ಕಟ್ಟುವಾಗ ಗ್ಯಾಂಗಿನ ಕಾಮಣ್ಣ ಮೂಲೆಯ ಹಲಗೆಯಿಂದ ಬಿದ್ದು ಸೊಂಟ ಮುರಿದುಕೊಂಡ. ಹಲಗೆ ಕಟ್ಟಿರಲಿಲ್ಲ ಎಂದು ಕಾಮಣ್ಣ ಹೇಳಿದ. ಕುಡಿದಿದ್ದ ಎಂದು ಜ್ಞಾನದೇವ ಹೇಳಿದ. ಊರು ದೊಡ್ಡ ಗೌಂಡಿಯ ಮಾತು ನಂಬಿತು. ಕಾಮಣ್ಣನ ಒಂದು ಕಾಲು ಗಿಡ್ಡವಾಯಿತು, ಕುಡುಕನೆಂಬ ಹೆಸರು ಉದ್ದವಾಯಿತು, ಆಮೇಲೆ ಯಾವ ಗೌಂಡಿಯೂ ಅವನನ್ನು ಕೆಲಸಕ್ಕೆ ಕರೆಯಲಿಲ್ಲ. ಈಗ ಊರ ಹೊರಗೆ ಆಡು ಮೇಯಿಸಿಕೊಂಡಿದ್ದಾನೆ. ತಾನೂ ಬಿದ್ದೆನೆಂದರೆ ಆ ಐದು ವರ್ಷದ ಮಾತೂ ಕಳಚಿ ಬೀಳುತ್ತದೆಂದು ಜ್ಞಾನದೇವನಿಗೆ ಗೊತ್ತಿತ್ತು.

ಮರುದಿನದಿಂದ ಗ್ಯಾಂಗು ಮಗ ಸಮಾಧಾನನ ಕೈಗೆ ಬಂತು. ಹೆಸರು ಹಾಗಿದ್ದರೂ ಅವನದು ಬೆಂಕಿಯಂಥ ಸ್ವಭಾವ. ಮೂವತ್ತು ವರ್ಷದವನು, ಅಪ್ಪ ಹೇಳಿದ್ದಕ್ಕಿಂತ ಒಂದು ದಿನ ಮೊದಲೇ ಮುಗಿಸಿ ತೋರಿಸಬೇಕೆಂಬ ಹಟ. ನೀಲಮ ಅದೇ ಗ್ಯಾಂಗಿನಲ್ಲಿ ಮಾಲು ಹೊರುವವಳು. ಅವಳ ಜೊತೆ ಸೀಮಾ ಎಂಬ ಹರೆಯದವಳು, ಸಕ್ಕುಬಾಯಿ ಎಂಬ ಬಾಯಿಬಡುಕಿ ಮುದುಕಿ. ಈ ಮೂವರು ಬುಟ್ಟಿ ಎತ್ತಿದರೆ ಮಾತ್ರ ಮೇಲಿನ ಗಂಡಸರ ಕೈಯಲ್ಲಿ ಕರಣಿ ಆಡುತ್ತಿತ್ತು.

ಜ್ಞಾನದೇವನ ಮಂಚ ಪಡಸಾಲೆಯಲ್ಲಿತ್ತು. ಸಂಜೆ ಎಲ್ಲರೂ ಅದರ ಸುತ್ತ ಕೂತೇ ಉಣ್ಣುತ್ತಿದ್ದರು. ಪುಂಡಿಪಲ್ಯ ಹಚ್ಚಿಕೊಂಡು ರೊಟ್ಟಿ ಮುರಿಯುತ್ತ ಅಪ್ಪ ನೆಲ ನೋಡಿಕೊಂಡು ಹೇಳಿದ:

“ಪೂರ್ವದ ಕಡೆ ಅಟ್ಟಣಿಗಿ ಒಂದ್ಸಲ ನೋಡಕೋ.”

“ನೀ ಕಟ್ಟಿದ್ದಪ್ಪಾ. ಅದರಾಗ ನೋಡೂದೇನೈತಿ?”

“ಹಂಗಲ್ಲ, ಮೂಲ್ಯಾಗ...”

“ನಿನ್ನ ಮೂಲಿ ಹಲಗಿ ಮ್ಯಾಲ ಆನಿ ನಿಲ್ಲಿಸಬಹುದು. ಅವ್ವಾ, ಇನ್ನೊಂದು ರೊಟ್ಟಿ ತಾ.”

ರೊಟ್ಟಿ ಕೊಡಬೇಕಾದ ತುಳಸವ್ವ ಗಂಡನ ಮುಖ ನೋಡಿದಳು. ಅವನು ಉಳ್ಳಾಗಡ್ಡಿ ಗುದ್ದುವುದರಲ್ಲಿ ಮಗ್ನನಾದ. ಮಗ ಇಷ್ಟು ನಂಬಿದರೆ ಅಪ್ಪನಾದವನಿಗೆ ಹೆಮ್ಮೆ ಆಗಬೇಕು. ಜ್ಞಾನದೇವ ಉಳಿದ ರೊಟ್ಟಿಯನ್ನು ತಟ್ಟೆಯ ಅಂಚಿಗೆ ಸರಿಸಿದ.

ನಾಲ್ಕನೇ ದಿನ ಮನೆಯ ಮಾಲೀಕ ತವನಪ್ಪ ಒಂದು ಡಜನ್ ಬಾಳೆಹಣ್ಣು ಹಿಡಿದು ಬಂದ. ಒಳ್ಳೆಯ ಮನುಷ್ಯ. ಬೇರೆಯವರ ತ್ರಾಸು ಕಂಡರೆ ಏನಾದರೂ ಮಾಡದೆ ಇರಲಾರ.

“ಗೌಂಡ್ಯಾರ, ಹುಣಸಿಹಣ್ಣು ಬೇಕಿದ್ರ ನನಗೊಂದು ಮಾತು ಹೇಳಬಾರದಿತ್ತ? ಚೀಲಗಟ್ಟಲೆ ಕಳಸ್ತಿದ್ದೆ.”

“ಬುದ್ಧಿ ಎಲ್ಲೋ ಹೋಗಿತ್ರಿ.”

“ಇರಲಿ. ನಮ್ಮ ಹಿತ್ತಲದಾಗ ಇನ್ನೊಬ್ರು ಬೀಳಬಾರದು ಅಂತ ನಿನ್ನೆ ಆ ಗಿಡದ ಕೆಳಗಿನ ಟೊಂಗಿ ಅಷ್ಟೂ ಕಡಿಸಿಬಿಟ್ಟೆ. ಇನ್ನ ಯಾರೂ ಹತ್ತೂದs ಬ್ಯಾಡ.”

ಜ್ಞಾನದೇವ ಕೈ ಮುಗಿದ. ತುಳಸವ್ವ ಚಹಾ ಮಾಡುವ ನೆಪದಲ್ಲಿ ಒಳಗೆ ಹೋದಳು. ಯಾರನ್ನೂ ಬೀಳಿಸದ ಗಿಡಕ್ಕೆ ಶಿಕ್ಷೆಯಾಗಿತ್ತು, ಬೀಳಿಸಿದ ಹಲಗೆ ಇದ್ದಲ್ಲೇ ಇತ್ತು.

ಅದೇ ವಾರ ನೀಲಮ ಬಟ್ಟೆ ಒಗೆಯಲು ಕೂತಳು. ಮಾವ ಬಿದ್ದ ದಿನದ ಪಾಯಿಜಾಮ ಮೂಲೆಯಲ್ಲಿ ಬಿದ್ದು ಕಲ್ಲಾಗಿತ್ತು. ಕಲ್ಲಾಗಿದ್ದು ಮಣ್ಣಿನಿಂದಲ್ಲ. ಮುಂಭಾಗವೆಲ್ಲ ಸಿಮೆಂಟಿನ ನೀರು ಕುಡಿದು ಒಣಗಿತ್ತು.

“ಅತ್ತಿ, ಹುಣಸಿ ಗಿಡಕ್ಕ ಪ್ಲಾಸ್ಟರ್ ಯಾವಾಗ ಮಾಡಿದ್ರು?”

“ಗೌಂಡಿ ಪಾಯಿಜಾಮಕ್ಕ ಸಿಮೆಂಟ್ ಇರದ ಹೋಳಿಗಿ ಹೂರಣ ಇರತೈತೇನ? ಒಗಿ ಸುಮ್ನ.”

ನೀಲಮ ಸುಮ್ಮನೆ ಒಗೆದಳು. ಆದರೆ ಎಮ್ಮೆಗೆ ಮೇವು ಹಾಕಲು ಕೊಟ್ಟಿಗೆಗೆ ಹೋದವಳು ಮೊಳೆಗೆ ನೇತುಹಾಕಿದ ನೀಲಿ ಹಗ್ಗ ಕಂಡಳು. ಮನೆಯ ಹಗ್ಗ ಎಲ್ಲ ನಾರಿನವು. ನೀಲಿಯದು ಕೆಲಸದ ಜಾಗದ್ದು. ತವನಪ್ಪನ ಮನೆಯ ನಾಲ್ಕು ಮೂಲೆಗೆಂದು ಸಮಾಧಾನನೇ ನಾಲ್ಕು ತುಂಡು ಕೊಯ್ದು ತಂದಿದ್ದ. ಹಗ್ಗ ತಂದು, ರೊಟ್ಟಿ ಬಡಿಯುತ್ತಿದ್ದ ಅತ್ತೆಯ ಮುಂದೆ ಇಟ್ಟಳು. ತುಳಸವ್ವ ಬಡಿಯುವುದನ್ನು ನಿಲ್ಲಿಸಿದಳು. ಒಲೆಯ ಮೇಲಿನ ರೊಟ್ಟಿ ಸೀದುಹೋಯಿತು. ಎಂಟು ದಿನದಿಂದ ಹೊಟ್ಟೆಯಲ್ಲಿಟ್ಟುಕೊಂಡದ್ದು ಅವಳಿಗೂ ಸಾಕಾಗಿತ್ತು.

“ಹಿಂದಿನ ದಿನ ಸಂಜೀಕೆ ಎಮ್ಮಿಗೆ ಮೇವು ತರಬೇಕಿತ್ತು. ಹೊರಿ ಕಟ್ಟಾಕ ಹಗ್ಗ ಸಿಗಲಿಲ್ಲ. ಮೂಲಿ ಹಲಗೀದು ಬಿಚಗೊಂಡ ಬಂದ್ರು. ಮುಂಜಾನೆ ಕಟ್ಟತೇನಿ ಅಂದಿದ್ರು. ಮುಂಜಾನೆ ಮರತ್ರು.” ಸೆರಗಿನಿಂದ ಮುಖ ಒರೆಸಿಕೊಂಡಳು. “ಹಲಗಿ ತಿರುಗಿ ಮ್ಯಾಲ ಇಟ್ಟಾಕಿ ನಾನs. ಹೊಡಿ ಬೇಕಾದ್ರ.”

ನೀಲಮ ಹೊಡೆಯಲಿಲ್ಲ, ಹಗ್ಗ ತೆಗೆದುಕೊಂಡು ಮಾವನ ಮಂಚದ ಹತ್ತಿರ ಹೋದಳು. ಜ್ಞಾನದೇವ ಹಗ್ಗ ನೋಡಿದ, ಒಳಗಿನ ಹೆಂಡತಿಯತ್ತ ನೋಡಿದ.

“ಅವಗ ಹೇಳಬ್ಯಾಡ.”

“ಮಾಮಾ, ನಾಳೆ ಆ ಹಲಗಿ ಮ್ಯಾಲ ನಿಲ್ಲಾವ್ರು ಅವರs ಅದಾರ.”

“ನೀ ಹೋಗಿ ಕಟ್ಟಿಬಿಡು. ಮುಗೀತು.”

ಮರುದಿನ ಎಲ್ಲರಿಗಿಂತ ಮೊದಲು ಹೋಗಿ ನೀಲಮ ಪೂರ್ವದ ಮೂಲೆಯ ಹಲಗೆ ಕಟ್ಟಿದಳು. ಆದರೆ ಅದು ಮುಗಿಯುವ ಮಾತಾಗಿರಲಿಲ್ಲ. ಮೇಲೆ ನಿಂತು ಸುತ್ತ ನೋಡಿದಾಗ, ಎಂಟು ವರ್ಷದಿಂದ ತಲೆಯ ಮೇಲೆ ಮಾಲು ಹೊತ್ತು ತಿರುಗಾಡಿದ ಹಲಗೆಗಳನ್ನು ಅವಳು ಮೊದಲ ಸಲ ಕಂಡಂತಾಯಿತು. ಮೂಲೆಯವು ಬಿಟ್ಟರೆ ಒಂದಕ್ಕೂ ಕಟ್ಟಿಲ್ಲ. ಕೈ ಹಿಡಿಯಲು ಒಂದು ಅಡ್ಡ ಬೊಂಬಿಲ್ಲ. ಕಾಲು ಒದ್ದರೆ ಹಲಗೆ ಸರಿಯುತ್ತಿತ್ತು. ಇಷ್ಟು ದಿನ ಬದುಕಿದ್ದೇ ಹೆಚ್ಚು ಎನಿಸಿ ಅವಳಿಗೆ ಸಿಟ್ಟು ಬಂತು.

ಗಂಡನಿಗೆ ಮಧ್ಯಾಹ್ನದ ಬುತ್ತಿ ಬಿಚ್ಚುವಾಗಲೇ ಹೇಳಿಬಿಟ್ಟಳು. ಹಗ್ಗ, ಹೊರೆ, ತೆವಳಿದ್ದು, ಎಲ್ಲ. ಸಮಾಧಾನ ಬಾಯಿಗೆ ಒಯ್ದ ತುತ್ತನ್ನು ಕೆಳಗಿಟ್ಟ.

“ಅಪ್ಪ ಹಂಗ ಅಂದನಾ?”

“ಅತ್ತಿ ಅಂದ್ರು.”

“ಅವ್ವಗ ಗಾಬರಿ. ಗಾಬರ್ಯಾಗ ಏನೇನರ ಅಂತಾಳ. ನಮ್ಮಪ್ಪ ಅಟ್ಟಣಿಗಿಯಿಂದ ಬೀಳಾಂವ ಅಲ್ಲ.”

“ಬಿದ್ದಾರ. ನೀವೂ ಬೀಳತೀರಿ. ಎಲ್ಲಾ ಹಲಗಿ ಕಟ್ಟಸ್ರಿ, ನಡಕ್ಕೊಂದು ಅಡ್ಡ ಬೊಂಬು ಹಾಕಸ್ರಿ.”

“ಹಂಗ ಕಟ್ಟಕೋತ ಕುಂತ್ರ ದಿನಕ್ಕ ಎರಡು ತಾಸು ಹೊಕ್ಕಾವು. ಮುಂದಿನ ಸೋಮವಾರ ಸ್ಲ್ಯಾಬಿಗೆ ದಿನಾ ಹಿಡದೇನಿ. ಅಪ್ಪ ಹಾಸಿಗಿ ಹಿಡದ ಕೂಡ್ಲೆ ಮಗ ಹಿಂದ ಬಿದ್ದ ಅನಸಕೋಬೇಕಾ?”

“ಹಿಂದ ಬಿದ್ರ ಎದ್ದೇಳಬಹುದು. ಕೆಳಗ ಬಿದ್ರ?”

ಸಮಾಧಾನ ಬುತ್ತಿ ಬಿಟ್ಟು ಎದ್ದುಹೋದ. ಅವತ್ತಿನಿಂದ ಮೂರು ದಿನ ಗಂಡ ಹೆಂಡಿರ ನಡುವೆ ಮಾತಿಲ್ಲ. ಮನೆಯಲ್ಲಿ ಅವನಿಗೆ ಬೇಕಾದದ್ದನ್ನು ಅವ್ವನಿಗೆ ಹೇಳುವನು, ಅವಳು ಅತ್ತೆಗೆ ಉತ್ತರ ಕೊಡುವಳು. ತುಳಸವ್ವ ಪೋಸ್ಟ್‌ಮನ್ ಆದಳು. ಮಂಚದ ಮೇಲಿನವನು ಎಲ್ಲ ಕೇಳುತ್ತ, ಮಾತಾಡಬೇಕಾದವನು ತಾನೇ ಎಂದು ತಿಳಿದೂ, ಗೋಡೆಯ ಕಡೆ ಹೊರಳಲಾರದ ಕಾಲುಗಳನ್ನು ಬೈಯುತ್ತ ಬಿದ್ದಿದ್ದ.

ನಾಲ್ಕನೇ ದಿನ ಲಖನ ಬಿದ್ದ. ಎರಡು ಮಕ್ಕಳ ತಂದೆ, ಗ್ಯಾಂಗಿನಲ್ಲಿ ಗೋಡೆ ಕಟ್ಟುವವರಲ್ಲಿ ಎಲ್ಲರಿಗಿಂತ ಮೆತ್ತಗಿನ ಮನುಷ್ಯ. ಪಶ್ಚಿಮದ ಗೋಡೆಗೆ ಇಟ್ಟಂಗಿ ಇಡಲು ಬಾಗಿದಾಗ ಕಾಲಡಿಯ ಹಲಗೆ ಸರಿಯಿತು. ಕೆಳಗಿನ ಅಟ್ಟಣಿಗೆಗೆ ಬಡಿದು, ಅಲ್ಲಿಂದ ಮರಳಿನ ರಾಶಿಗೆ ಬಂದ. ಗಂಡಸರು ಓಡಿಬಂದು ರಟ್ಟೆಗೆ ಕೈ ಹಾಕಿದರು.

“ಕೈ ತಗೀರಿ,” ಎಂದಳು ನೀಲಮ. ಅವಳ ದನಿ ಕೇಳಿ ಗಂಡಸರು ನಿಜಕ್ಕೂ ಕೈ ತೆಗೆದರು. “ಯಾರೂ ಎತ್ತಬ್ಯಾಡ್ರಿ. ಲಖನಣ್ಣಾ, ಅಲ್ಲಾಡಬ್ಯಾಡ. ಕಾಲಿನ ಬೆರಳು ಆಡಸು. ಆಡತಾವ? ಬೆನ್ನು ನೋಯ್ತೈತೇನು? ಸೀಮಾ, 108ಕ್ಕ ಹಚ್ಚು. ಸಕ್ಕುಬಾಯಿ, ತಲಿಗೆ ಎರಡೂ ಕಡೆ ಕೈ ಕೊಟ್ಟು ಹಿಡಿ, ಹೊರಳಬಾರದು.”

ಕಾಲಿನ ಬೆರಳು ಆಡಿದವು. ಎಡಗೈ ಮಣಿಕಟ್ಟು ಊದಿ ಬಂದಿತ್ತು. ಗಾಡಿ ಬರುವ ತನಕ ಅವನನ್ನು ಬಿದ್ದಲ್ಲೇ ಇರಿಸಿ, ಬಿಸಿಲಿಗೆ ಸೆರಗು ಹಿಡಿದು ನಿಂತರು. ಆಗ ಮೇಲಿನಿಂದ ಇಳಿದು ಬಂದ ಸಮಾಧಾನ, ಗಾಬರಿಗೋ ಸಿಟ್ಟಿಗೋ, ಮಲಗಿದವನ ತಲೆಯ ಮೇಲೆ ನಿಂತು ಕೂಗಿದ:

“ಕುಡದ ಬಂದೀಯೇನಲೇ?”

“ಇಲ್ಲೋ ಅಣ್ಣಾ. ಹಲಗಿ ಸರೀತು.”

“ಹಲಗಿ ತಾನs ಸರೀತೈತಾ? ಬಿದ್ದವ ಗೌಂಡಿ ಅಲ್ಲ. ನಾಳೆಯಿಂದ ಬರಬ್ಯಾಡ.”

108 ಬಂತು. ಪೇಂ ಪೇಂ ಎನ್ನುತ್ತಲೇ ಬಂತು, ಊರೆಲ್ಲ ನೋಡಿತು. ಹೇಗೆ ಬಿದ್ದರು ಎಂದು ಗಾಡಿಯವನು ಕೇಳಿದಾಗ ಗಂಡಸರು ಒಬ್ಬರ ಮುಖ ಒಬ್ಬರು ನೋಡಿದರು. “ಅಟ್ಟಣಿಗಿಯಿಂದ,” ಎಂದಳು ನೀಲಮ. “ಬರಕೋರಿ. ಕೆಲಸದ ಮ್ಯಾಲ ಇದ್ದಾಗ, ಕಟ್ಟದ ಹಲಗಿಯಿಂದ. ಲೇಬರ್ ಕಾರ್ಡ್ ಐತಿ ಅವಂದು, ಪರಿಹಾರ ಸಿಗತೈತಿ. ಗಿಡದಿಂದ ಬಿದ್ದಾನ ಅಂತ ಬರದ್ರ ಆ ಕಾರ್ಡು ಗ್ವಾಡಿಗೆ ಅಂಟಸೂದಕ್ಕ.”

ಗಾಡಿ ಹೋದ ಮೇಲೆ ಸಮಾಧಾನ “ನಡೀರಿ, ಮಾಲು ಕೊಡ್ರಿ” ಎಂದು ಮೇಲೆ ಹತ್ತಿದ. ಕೆಳಗೆ ಯಾರೂ ಅಲುಗಲಿಲ್ಲ. ನೀಲಮ ಬುಟ್ಟಿ ಬೋರಲು ಹಾಕಿ ಅದರ ಮೇಲೆ ಕೂತಳು. ಸೀಮಾ ಕೂತಳು. ಸಕ್ಕುಬಾಯಿ ಕೂತು, ಸಂಚಿ ಬಿಚ್ಚಿ ಎಲೆಗೆ ಸುಣ್ಣ ಹಚ್ಚತೊಡಗಿದಳು.

“ಏನಿದು?”

“ಹಲಗಿ ಕಟ್ಟು, ಹತ್ತತೇವಿ,” ಎಂದಳು ಸಕ್ಕುಬಾಯಿ. “ನನ್ನ ಎಲಬು ಹಳೇವು ತಮ್ಮಾ. ಮುರದ್ರ ಕೂಡೂದಿಲ್ಲ.”

“ಇದೆಲ್ಲಾ ಇಕಿ ಕಲಿಸಿದ್ದು.”

“ಹೌದು, ನಾನs ಕಲಿಸೇನಿ,” ಎಂದಳು ನೀಲಮ.

ಕಲಸಿದ ಮಾಲು ಬಿಸಿಲಿಗೆ ಗಟ್ಟಿಯಾಗುತ್ತಿತ್ತು. ಸಮಾಧಾನ ಒಂದು ಗಳಿಗೆ ಅದನ್ನು ನೋಡಿದ, ಹೆಂಡತಿಯನ್ನು ನೋಡಿದ. “ನಡಿ ಮನಿಗೆ. ಅಪ್ಪನ್ನs ಕೇಳೂಣು. ಆಂವ ಗಿಡದಿಂದ ಬಿದ್ದೆ ಅಂದ್ರ ನೀ ಸುಮ್ನ ಬುಟ್ಟಿ ಎತ್ತಬೇಕು.”

“ಅಟ್ಟಣಿಗಿ ಅಂದ್ರ?”

“ಅನ್ನೂದಿಲ್ಲ.”

ಮಧ್ಯಾಹ್ನದ ಹೊತ್ತು. ಜ್ಞಾನದೇವ ಮಂಚದ ಮೇಲೆ ಮಜ್ಜಿಗೆಯಲ್ಲಿ ರೊಟ್ಟಿ ಮುರಿದು ಕಲಸಿಕೊಂಡಿದ್ದ. ಮಗ ಬಾಗಿಲಲ್ಲೇ ನಿಂತ.

“ಅಪ್ಪಾ, ಇಕಿಗೆ ಹೇಳು. ಗಿಡದಿಂದ ಬಿದ್ದೆ ಅಂತ ಒಂದ್ ಮಾತು ಹೇಳು. ನಾ ಹೋಗಿ ಕೆಲಸಾ ಚಾಲೂ ಮಾಡತೇನಿ.”

“ಗಾಡಿ ಸಪ್ಪಳ ಕೇಳ್ತು. ಯಾರಿಗೆ ಏನಾತು?”

“ಲಖನ ಬಿದ್ದ. ಕೈಗೆ ಪೆಟ್ಟಾಗೇತಿ. ಬರಬ್ಯಾಡ ಅಂತ ಹೇಳಿ ಕಳಿಸೇನಿ, ಕುಡದಿದ್ದ.”

“ಕುಡದದ್ದು ನೋಡೀಯೇನು?”

“ನೋಡೂದೇನೈತಿ? ಬಿದ್ದ ಅಂದ ಮ್ಯಾಲ ಕುಡದs ಇರಬೇಕು. ನೀನs ಹೇಳತಿದ್ದೆಲ್ಲ?”

ಜ್ಞಾನದೇವ ಬಟ್ಟಲನ್ನು ಪಕ್ಕಕ್ಕಿಟ್ಟ. ಲಖನ ಹುಟ್ಟಿನಿಂದಲೇ ವಾರಕರಿ ಪಂಥದವನು. ಕೊರಳಲ್ಲಿ ತುಳಸಿಮಾಲೆ ಹಾಕಿದವನು ಹೆಂಡ ಮುಟ್ಟುವುದಿಲ್ಲವೆಂದು ಈ ಭಾಗದಲ್ಲಿ ಮಕ್ಕಳಿಗೂ ಗೊತ್ತು. ಮಗನಿಗೂ ಗೊತ್ತು. ಗೊತ್ತಿದ್ದೂ ಅಂದಿದ್ದಾನೆ. ಹೇಗೆ ಅನ್ನಬೇಕೆಂದು ಕಲಿಸಿದವನು ತಾನು. ಮುದುಕನಿಗೆ ತನ್ನ ಮುರಿದ ಹಿಮ್ಮಡಿಗಿಂತ ಅದು ಹೆಚ್ಚು ನೋಯಿಸಿತು. ಬಾಗಿಲ ಬಳಿ ನೀಲಮ ನಿಂತಿದ್ದಳು, ಒಳಬಾಗಿಲಲ್ಲಿ ತುಳಸವ್ವ.

“ಗಿಡದಿಂದ ಅಲ್ಲ,” ಎಂದ. “ಪೂರ್ವದ ಮೂಲಿ, ಎರಡನೇ ಅಟ್ಟಣಿಗಿ. ಹಗ್ಗಾ ನಾನs ಬಿಚ್ಚಿದ್ದೆ, ಮೇವಿನ ಹೊರಿಗೆ. ಬಿದ್ದ ಮ್ಯಾಲ ಗಿಡದ ತನಕಾ ತೆವಳೇನಿ. ನಿಮ್ಮವ್ವನ ಕೈಲೆ ಹಲಗಿ ಮ್ಯಾಲ ಇಡಿಸೇನಿ. ಎಲ್ಲಾ ನಿನ್ನ ಹೇಣ್ತಿ ಹೇಳಿದಂಗs ಐತಿ.”

ಸಮಾಧಾನ ಹೊಸ್ತಿಲ ಮೇಲೆ ಕುಕ್ಕರಿಸಿದ. ತನ್ನ ಅಂಗೈಯ ಸಿಮೆಂಟು ಕೆರೆದ. ಆಮೇಲೆ ತಲೆ ಎತ್ತಿ ಒಂದೇ ಮಾತು ಕೇಳಿದ.

“ಮತ್ತ ಕಾಮಣ್ಣ ಕಾಕಾ?”

ಇದನ್ನು ಜ್ಞಾನದೇವ ನಿರೀಕ್ಷಿಸಿರಲಿಲ್ಲ.

“ಅವತ್ತೂ ಕಟ್ಟಿರಲಿಲ್ಲ,” ಎಂದ.

“ಕುಡದಿದ್ನಾ?”

“ಇಲ್ಲ.”

ಸಮಾಧಾನ ಎದ್ದು ಹೊರಗೆ ನಡೆದ. ಕೆಲಸದ ಜಾಗಕ್ಕಲ್ಲ, ಬಸ್ ಹಿಡಿದು ಚಿಕ್ಕೋಡಿಗೆ, ಲಖನನ ಹತ್ತಿರ. ಅಲ್ಲಿ ಏನು ಮಾತಾಯಿತೋ ಮನೆಯವರಿಗೆ ಹೇಳಲಿಲ್ಲ. ಸಂಜೆ ಬರುವಾಗ ಎರಡು ಸುರುಳಿ ಹಗ್ಗ ತಂದಿದ್ದ. ಉಣ್ಣಲು ಕೂತಾಗ ಮೂರು ದಿನಗಳ ಮೇಲೆ ತನಗೆ ಬೇಕಾದದ್ದನ್ನು ನೇರ ಹೆಂಡತಿಗೇ ಹೇಳಿದ: “ಬ್ಯಾಳಿ ಹಾಕು.” ತುಳಸವ್ವನಿಗೆ ಪೋಸ್ಟ್‌ಮನ್ ಕೆಲಸ ತಪ್ಪಿತು.

ಮರುದಿನ ಒಂದು ಇಟ್ಟಂಗಿಯೂ ಮೇಲೆ ಹೋಗಲಿಲ್ಲ. ಇಡೀ ದಿನ ಹಲಗೆ ಕಟ್ಟಿದರು, ಎರಡು ತುದಿಗೂ. ಹೊರಬದಿಗೆ ಎರಡು ಸಾಲು ಅಡ್ಡ ಬೊಂಬು ಬಿಗಿದರು. ಮುಂಜಾನೆ ನೀಲಮ ಒಂದು ಸುತ್ತು ತಿರುಗಿ ಗಂಟು ಎಳೆದು ನೋಡದೆ ಯಾರೂ ಹತ್ತುವಂತಿಲ್ಲ ಎಂದು ಸಮಾಧಾನನೇ ಹೇಳಿದ. ಸ್ವಲ್ಪ ಬಿಗಿಯಾಗಿ ಹೇಳಿದ, ಆದರೆ ಎಲ್ಲರ ಮುಂದೆ ಹೇಳಿದ. ತವನಪ್ಪನಿಗೂ ಅವನೇ ಹೋಗಿ ನಿಜ ತಿಳಿಸಿದ, ಊರಿಗೆ ಅಪ್ಪನೇ ಹೇಳುವ ತನಕ ಮಾತು ಹೊರಗೆ ಬಿಡಬೇಡಿ ಎಂದ. ತವನಪ್ಪ ಕೇಳಿ ಕೇಳಿ ಕೊನೆಗೆ, “ಅಂದ್ರ ನನ್ನ ಗಿಡಾ ಸುಮ್ನ ಕಡಿಸಿದ್ರಿ?” ಎಂದು ಎರಡು ದಿನ ಮುಖ ಊದಿಸಿಕೊಂಡಿದ್ದ. ಮೂರನೆಯ ದಿನ ನಿಪ್ಪಾಣಿಯಿಂದ ಹನ್ನೆರಡು ಹೆಲ್ಮೆಟ್ ತರಿಸಿದ. ಸ್ಲ್ಯಾಬು ಸೋಮವಾರ ಬೀಳಲಿಲ್ಲ, ಗುರುವಾರ ಬಿತ್ತು. ಅದರಿಂದ ಅಂಕಲಿಯಲ್ಲಿ ಯಾರ ಮಾನವೂ ಹೋಗಲಿಲ್ಲ. ಆರು ವಾರಕ್ಕೆ ಲಖನ ಕೆಲಸಕ್ಕೆ ಬಂದ. ಬಂದವನಿಗೆ ಸಮಾಧಾನ ಎಲ್ಲರೆದುರು ಕೈ ಜೋಡಿಸಿದ. ಲಖನ ಮೆತ್ತಗಿನವನಲ್ಲವೇ, ಅವನೇ ನಾಚಿಕೊಂಡ.

ಜ್ಞಾನದೇವ ಮಾತ್ರ ಕಾಮಣ್ಣನೆದುರು ಒಪ್ಪಿಕೊಳ್ಳುವ ದಿನ ಮುಂದೂಡುತ್ತ ಹೋದ. ಕಾಮಣ್ಣನ ಮಾತು ತೆಗೆದಾಗೆಲ್ಲ ಕಾಲು ತೋರಿಸುವನು. ಏಪ್ರಿಲ್‌ನಲ್ಲಿ ಪ್ಲಾಸ್ಟರು ಬಿಚ್ಚಿದರು. ಇನ್ನು ತೋರಿಸಲು ಏನೂ ಉಳಿಯಲಿಲ್ಲ.

“ಸಮಾಧಾನ, ಕಾಮಣ್ಣನ್ನ ಒಂದಿಷ್ಟು ಕರಕೊಂಡು ಬಾ,” ಎಂದ ಒಂದು ಮುಂಜಾನೆ.

“ನೀವs ಹೋಗ್ರಿ ಮಾಮಾ,” ಎಂದಳು ನೀಲಮ. “ಆಂವ ಕುಂಟಕೋತ ನಿಮ್ಮ ಮನಿಗೆ ಯಾಕ ಬರಬೇಕು?”

ತುಳಸವ್ವ ಅಷ್ಟರಲ್ಲಾಗಲೇ ಸೀರೆ ಬದಲಿಸಿ ನಿಂತಿದ್ದಳು. ಆಟೊ ತರಿಸಿ, ಗೌಂಡಿಯನ್ನೂ ಅವನ ಎರಡು ಊರುಗೋಲನ್ನೂ ಒಳಗೆ ಹಾಕಿ, ಊರ ಹೊರಗಿನ ಕಾಮಣ್ಣನ ಮನೆಗೆ ಹೋದರು. ಕಾಮಣ್ಣ ಆಡುಗಳನ್ನು ಬಿಚ್ಚುತ್ತಿದ್ದ. ಆಟೊದಲ್ಲಿ ಯಾರೆಂದು ನೋಡಿ ಬಿಚ್ಚುವುದನ್ನು ನಿಲ್ಲಿಸಲಿಲ್ಲ. ಇಳಿಯಲು ಹೋದ ಜ್ಞಾನದೇವನಿಗೆ ಕಾಲು ಒಪ್ಪಲಿಲ್ಲ. ಸೀಟಿನಿಂದಲೇ ಹೇಳಿದ.

“ಕಾಮಣ್ಣಾ, ಜುಗೂಳದಾಗ ಆ ಹಲಗಿ ನಾ ಕಟ್ಟಿರಲಿಲ್ಲ. ನೀ ಕುಡದಿರಲಿಲ್ಲ.”

“ನನಗ ಗೊತ್ತೈತಿ,” ಎಂದ ಕಾಮಣ್ಣ.

ಕಾಮಣ್ಣ ಕೊನೆಯ ಆಡಿನ ಹಗ್ಗ ಬಿಚ್ಚಿ ಹೆಗಲಿಗೆ ಹಾಕಿಕೊಂಡ.

“ನನಗ್ಯಾಕ ಹೇಳತಿ? ಗೊತ್ತಿಲ್ಲದವ್ರಿಗೆ ಹೇಳು. ಊರಿಗೆ ಹೇಳು.”

ಬೆಳಗಿನ ಎಂಟು ಗಂಟೆ. ಬಸ್‌ಸ್ಟ್ಯಾಂಡಿನ ಚಹಾದಂಗಡಿಯ ಮುಂದೆ ಆ ಹೊತ್ತಿಗೆ ಗೌಂಡಿಗಳು, ಕೂಲಿಯವರು, ಕೆಲಸಕ್ಕೆ ಜನ ಹುಡುಕುವವರು, ಎಲ್ಲ ಕೂಡಿರುತ್ತಾರೆ. ಜ್ಞಾನದೇವ ಆಟೊದವನಿಗೆ ಅಲ್ಲಿಗೇ ನಡಿ ಎಂದ. ತುಳಸವ್ವ ಸರಿದು ಕೂತು ಜಾಗ ಮಾಡಿದಳು. ಕಾಮಣ್ಣ ಆಡುಗಳನ್ನು ಹೆಂಡತಿಗೆ ಒಪ್ಪಿಸಿ, ಗಿಡ್ಡ ಕಾಲನ್ನು ಮೊದಲು ಒಳಗಿಟ್ಟು ಜ್ಞಾನದೇವನ ಪಕ್ಕ ಹತ್ತಿದ.

ಆಟೊ ನಿಂತ ಕೂಡಲೇ ಒಬ್ಬಿಬ್ಬರು ನಗುತ್ತ ಬಂದರು. “ಬರ್ರಿ ಗೌಂಡ್ಯಾರ, ಹುಣಸಿಹಣ್ಣು ಹೆಂಗದಾವ?” ಜ್ಞಾನದೇವ ಆಟೊದ ಕಂಬಿ ಹಿಡಿದು ತಲೆ ಹೊರಗೆ ಹಾಕಿದ. ತಾನು ಗಿಡದಿಂದ ಬಿದ್ದಿಲ್ಲ, ಕಟ್ಟದ ಹಲಗೆಯಿಂದ ಬಿದ್ದದ್ದು ಎಂದ. ಐದು ವರ್ಷದ ಹಿಂದೆ ಕಾಮಣ್ಣನ ಹಲಗೆಯನ್ನೂ ತಾನೇ ಕಟ್ಟದೆ ಬಿಟ್ಟಿದ್ದು, ಕಾಮಣ್ಣ ಕುಡಿದಿರಲಿಲ್ಲ, ಅದು ತಾನು ಹೇಳಿದ ಸುಳ್ಳು ಎಂದ. ನಗುತ್ತಿದ್ದವರ ಕೈಯಲ್ಲಿ ಚಹಾದ ಗ್ಲಾಸುಗಳು ಹಾಗೇ ನಿಂತವು. ತುಳಸವ್ವ ಸೆರಗು ಬಾಯಿಗೆ ಹಿಡಿದಿದ್ದಳು.

ಜ್ಞಾನದೇವ ಸೀಟಿಗೆ ಒರಗಿ, ಸಾಕೇ ಎನ್ನುವಂತೆ ಪಕ್ಕಕ್ಕೆ ನೋಡಿದ. ಕಾಮಣ್ಣ ಅಂಗಡಿಯ ಒಳಗೆ, ಕೊನೆಯ ಬೆಂಚಿನ ತನಕ ಕಣ್ಣು ಹಾಯಿಸುತ್ತಿದ್ದ.

“ಇನ್ನೊಮ್ಮೆ ಹೇಳು,” ಎಂದ. “ಹಿಂದಿನವ್ರಿಗೆ ಕೇಳಿಲ್ಲ.”

ಜ್ಞಾನದೇವ ಊರುಗೋಲು ತೆಗೆದುಕೊಂಡ. ಈ ಸಲ ಕೆಳಗಿಳಿದು ನಿಂತು ಹೇಳಿದ.